ಬೆರಳೊತ್ತಿದ ಬಿಳುಪು
ಮೂಗಿನ ಬದಿಯಲ್ಲಿ ಬಿಳಿ ಮಚ್ಚೆ, ಹಿಟ್ಟು ಮೆತ್ತಿರಬೇಕು, ಬೆಳಗ್ಗೆಯಿಂದ ಹಬ್ಬದ ರೊಟ್ಟಿಗೆ ನಾದಿ ಬಂದವಳಲ್ಲವೇ ದೆಸಾಂಕಾ, ಎಂದುಕೊಂಡು ಡಾಕ್ಟರ್ ಲ್ಯುಬಿಂಕಾ ಹತ್ತಿಯಿಂದ ಒರೆಸಿದಳು, ಹೋಗಲಿಲ್ಲ, ಮತ್ತೆ ಒರೆಸಿದಳು — ಮುಖ ತೊಳೆಸಿಯೇ ಸೂಜಿ ಹಿಡಿದದ್ದು, ಹಿಟ್ಟು ಎಲ್ಲಿಂದ ಬಂತು — ಹೆಬ್ಬೆರಳಿನಿಂದ ಅಲ್ಲೇ ಒತ್ತಿ ಎತ್ತಿದಳು, ಒಂದು, ಎರಡು, ಎರಡಕ್ಕೆ ಕೆಂಪು ಮರಳಬೇಕು, ಮೂರು, ನಾಲ್ಕು, ಐದು, ಅವಳದೇ ಹೆಬ್ಬೆರಳಿನ ಗುರುತು ಬೆಳ್ಳಗೆ ಅಲ್ಲೇ ಕೂತಿದೆ. ಕೆನ್ನೆ ತುಂಬಿಕೊಳ್ಳಲೆಂದು ಚುಚ್ಚಿದ ಜೆಲ್‌ನ ಆ ಕೊನೆಯ ಹನಿ, ಅದೇ ಮಾಡಿದ್ದು. ಎರಡು ವಾರ ಮುಂಚೆ ಬಾ ಅಂತ ಹೇಳಿದ್ದೆ, ಊತ ಇಳಿಯಬೇಕು, ನಿಮ್ಮ ಮನೆ ಸಂತನ ಹಬ್ಬಕ್ಕೆ ಬಂದವರೆಲ್ಲ ಮೂರು ಮೂರು ಸಲ ಕೆನ್ನೆಗೆ ಮುತ್ತಿಡುತ್ತಾರೆ, ಒತ್ತಬಾರದು ಎಂದರೆ ಇವಳು, ಕೆನ್ನೆ ನಂದು, ಮುತ್ತು ನಂದು, ನಿಂಗೇನೇ ಕಷ್ಟ, ಹಬ್ಬ ಗುರುವಾರ, ಇವತ್ತೇ ಮಾಡು. ದೆಸಾಂಕಾ ಅವಳ ಕುಮಾ, ಕುಮಾಗೆ ಇಲ್ಲ ಎನ್ನುವುದುಂಟೇ, ತನ್ನ ಮದುವೆಗೆ ಸಾಕ್ಷಿ ನಿಂತ ಕುಮಾ, ಮಗಳಿಗೆ ಹೆಸರಿಟ್ಟ ಕುಮಾ — ಇಸ್ಕ್ರಾ ಎಂದು ಗಂಡಹೆಂಡಿರ ಮನಸ್ಸಿನಲ್ಲಿತ್ತು, ಇವಳು ಪಾದ್ರಿಯ ಮುಂದೆ ಪೆರ್ಸಿದಾ ಎಂದುಬಿಟ್ಟಳು, ಇಬ್ಬರೂ ತಲೆಯಾಡಿಸಿದರು, ಮಗಳು ಇವತ್ತಿಗೂ ಆ ಹೆಸರಿಗೆ ಮೂತಿ ತಿರುಗಿಸುತ್ತಾಳೆ. ಇವತ್ತೂ ಹಾಗೇ ಆಯಿತು, ಸಾಕು ಎಂದು ಕೈ ತೆಗೆದರೆ, ಅಷ್ಟು ಉಳ್ದಿದ್ಯಲ್ಲ, ಚೆಲ್ತೀಯಾ, ಅದನ್ನೂ ಹಾಕೇ. ಕುಮಾಳ ಮನೆಯಲ್ಲಿ ತಟ್ಟೆಯಲ್ಲಿ ಬಿಟ್ಟು ಏಳುವಂತಿಲ್ಲ, ಎಲೆಕೋಸಿನಲ್ಲಿ ಮಾಂಸ ಸುತ್ತಿದ ಎಂಟನೆಯ ಸಾರ್ಮಾ ಸುರುಳಿಯನ್ನೂ ತಿಂದೇ ಏಳಬೇಕು, ಆ ಅಭ್ಯಾಸ ಸಿರಿಂಜಿಗೂ ಬಂತು, ಹಿಂದಕ್ಕೆಳೆದು ರಕ್ತ ಬರುತ್ತದೆಯೇ ನೋಡದೆ ಒಂದೇ ಸಲಕ್ಕೆ ತಳ್ಳಿದಳು, ವಿದ್ಯಾರ್ಥಿಗಳಿಗೆ ಬಾಯಿ ನೋಯುವಷ್ಟು ಹೇಳುವವಳು, ನಿಧಾನ, ಸ್ವಲ್ಪ ಸ್ವಲ್ಪ, ಹಿಂದಕ್ಕೆಳೆದು ನೋಡಿ, ಕರಗಿಸುವ ಔಷಧಿ ಫ್ರಿಜ್ಜಿನಲ್ಲಿಲ್ಲದೆ ಸೂಜಿ ಮುಟ್ಟಬೇಡಿ. ಔಷಧಿ ಇದೆ, ಪುಣ್ಯಕ್ಕೆ ಇದೆ, ಆರು ಸೀಸೆ.

ಕುಮಾ, ಹಾಕಿದ್ದನ್ನ ಕರಗಿಸ್ಬೇಕು. ದೆಸಾಂಕಾ ಎದ್ದು ಕೂತು ಕನ್ನಡಿ ಎತ್ತಿಕೊಂಡಿದ್ದಾಳೆ, ಎಷ್ಟ್ ಚೆನ್ನಾಗ್ ಬಂದಿದೆ, ಕರಗಿಸ್ತಾಳಂತೆ, ನೋವೇ ಇಲ್ವಲ್ಲೇ — ಮರಗಟ್ಟಿಸುವ ಮದ್ದು ಅದರಲ್ಲೇ ಬೆರೆತಿದೆ, ನೋವು ಎಲ್ಲಿಂದ ಗೊತ್ತಾಗಬೇಕು — ಶುಕ್ರವಾರ ಬರ್ತೀನಿ ಬಿಡು, ಹಬ್ಬ ಮುಗೀಲಿ, ಕೈಚೀಲ ಹೆಗಲಿಗೇರಿತು. ಶುಕ್ರವಾರಕ್ಕೆ ಅಲ್ಲಿ ಕಪ್ಪಾಗಿರುತ್ತದೆ, ಮೂಗಿನ ಅಂಚಿನ ಚರ್ಮ ಸತ್ತಿರುತ್ತದೆ, ಲ್ಯುಬಿಂಕಾಳ ಬಾಯಿಂದ ಮೂವತ್ತು ವರ್ಷದಲ್ಲಿ ಮೊದಲ ಸಲ ಆ ಮಾತು ಬಂತು. ಇಲ್ಲ. ಕೂತ್ಕೊ. ತಪ್ಪು ನಂದು, ಆ ಕೊನೇ ಹನಿ ಹಾಕ್ಬಾರ್ದಿತ್ತು, ರಕ್ತನಾಳ ಕಟ್ಟಿದೆ, ನೀನು ಬಾಗಿಲು ದಾಟಿದ್ರೆ ಮೂಗಿನ ಹತ್ರ ಗುಳಿ ಬೀಳುತ್ತೆ, ಸಾಯೋವರೆಗೂ ಹೋಗಲ್ಲ. ಆ ನಾಳ ಕಣ್ಣಿಗೂ ಹೋಗುತ್ತೆ, ಕಣ್ಣು ಸರಿಯಾಗ್ ಕಾಣ್ತಿದ್ಯಾ. ಕಾಣ್ತಿದೆ, ನೀನ್ ಬೆವರ್ತಿರೋದೂ ಕಾಣ್ತಿದೆ. ಊದ್ಕೊಂಡ್ ಮುಖ ಇಟ್ಕೊಂಡು ನಲವತ್ತು ಜನಕ್ಕೆ ಬಡಿಸ್ಲಾ. ಬಡ್ಸು. ಕುಮಾ ಚೀಲ ಇಳಿಸಿದಳು, ಮಲಗಿ ಲ್ಯುಬಿಂಕಾಳ ಬಿಳಿಕೋಟಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು. ಮೊದಲ ಸೀಸೆ, ಬಿಸಿಬಟ್ಟೆ, ಮೆಲ್ಲಗೆ ತಿಕ್ಕುವುದು, ಒಂದು ಗಂಟೆ ಕಾಯುವುದು, ಎರಡನೆಯ ಸೀಸೆ, ಮೂರನೆಯದು — ಅಮ್ಮ ನಾದಿದ ಹಿಟ್ಟನ್ನು ಹೀಗೇ ಒತ್ತಿ ನೋಡುತ್ತಿದ್ದಳು, ಗುಳಿ ತುಂಬಿ ಬಂದರೆ ಜೀವ ಇದೆ ಎನ್ನುತ್ತಿದ್ದಳು — ಒತ್ತಿ ಎತ್ತಿದಳು, ಬೆಳ್ಳಗೆ, ಒಂದು, ಎರಡು, ಮೂರು, ನಾಲ್ಕು, ಅಂಚಿನಲ್ಲಿ ಕೆಂಪೋ, ಕಿಟಕಿಯ ಬೆಳಕೋ. ಕಣ್ಣು ಮುಚ್ಚಿಕೊಂಡೇ ಕುಮಾ ಕೇಳಿದಳು, ಎಷ್ಟಾಯ್ತೇ. ನಾಲ್ಕು. ಮೊದ್ಲೆಷ್ಟಿತ್ತು. ಐದಾದ್ರೂ ಬಂದಿರ್ಲಿಲ್ಲ. ಎಷ್ಟಾಗ್ಬೇಕು. ಎರಡು. ಹಾಗಾದ್ರೆ ಒತ್ತು, ನಾನೂ ಎಣಿಸ್ತೀನಿ. ನಾಲ್ಕನೆಯ ಸೀಸೆ, ಬಿಸಿಬಟ್ಟೆ, ಹೆಬ್ಬೆರಳು ಒತ್ತಿತು, ಎತ್ತಿತು, ಇಬ್ಬರ ಬಾಯಲ್ಲೂ ಒಂದು, ಇಬ್ಬರ ಬಾಯಲ್ಲೂ ಎರಡು, ಎರಡಾಯ್ತಲ್ಲ ಎಂಬಂತೆ ಕುಮಾ ಅಲ್ಲಿಗೇ ನಿಲ್ಲಿಸಿದಳು, ಲ್ಯುಬಿಂಕಾಳ ಕಣ್ಣ ಮುಂದೆ, ಮೂಗಿನ ಬದಿಯಲ್ಲಿ, ಇನ್ನೂ ಆ ಹೆಬ್ಬೆರಳಿನ ಗುರುತು, ಬೆಳ್ಳಗೆ.