ಬಿಗಿಯಮ್ಮ ಸಡಿಲಿಸಿದ ನಟ್ಟು

ನಮ್ಮ ಲ್ಯಾಬಿನಲ್ಲಿ ನನ್ನನ್ನ ಬಿಗಿಯಮ್ಮ ಅಂತಾರೆ. ಇಪ್ಪತ್ತಾರು ವರ್ಷದಿಂದ ಇಲ್ಲಿ ಪಂಪು, ಪೈಪು ನೋಡ್ಕೊಳ್ಳೋ ಫಿಟ್ಟರ್ ನಾನು. ನಾನು ಬಿಗಿದ ನಟ್ಟು ಒಂದೂ ಬಿಚ್ಚಿಕೊಂಡಿಲ್ಲ. ಎರಡು ವರ್ಷದ ಹಿಂದೆ ನನ್ನ ಸೊಸೆ ಇದೇ ಲ್ಯಾಬಿಗೆ ವಿಜ್ಞಾನಿಯಾಗಿ ಬಂದಳು. "ಮನೇಲೂ ಅತ್ತೆ, ಇಲ್ಲೂ ಅತ್ತೆ, ಪಾಪ!" ಅಂತ ಎಲ್ಲರೂ ನಕ್ಕರು. ಆಡೋರ ಬಾಯಿಗೆ ಬೀಗ ಹಾಕೋಕಾಗುತ್ತಾ?

ಅವಳ ಕೆಲಸ ಎರಡು ಅಲ್ಯೂಮಿನಿಯಂ ತಮಟೆಗಳದ್ದು. ಕೂದಲೆಳೆಗಿಂತ ಸಣ್ಣವು. "ಇಷ್ಟಕ್ಕೆ ಇಷ್ಟು ದೊಡ್ಡ ಯಂತ್ರವಾ?" ಅಂದೆ.

"ಅತ್ತೆ, ಒಂದೊಂದರಲ್ಲೂ ಲಕ್ಷ ಕೋಟಿ ಪರಮಾಣು ಇವೆ. ನಮ್ಮ ಪಾಲಿಗೆ ಇವು ಆನೆಗಳು. ಒಂದೆರಡು ಪರಮಾಣು ಹೆಣೆದುಕೊಳ್ಳೋದು ಹಳೇ ಸುದ್ದಿ, ಆನೆಗಳು ಹೆಣೆದುಕೊಂಡಿದ್ದನ್ನ ನೋಡಬೇಕು."

ಹೀಗೆ ಹೆಣೆದುಕೊಂಡ ತಮಟೆಗಳನ್ನ ಒಂದೊಂದಾಗಿ ನೋಡಿದರೆ ಮನಸ್ಸಿಗೆ ಬಂದ ಹಾಗೆ ನಡುಗುತ್ತವಂತೆ. ಎರಡನ್ನೂ ಒಟ್ಟಿಗೆ ನೋಡಿದರೆ ಮಾಮೂಲಿ ವಸ್ತುಗಳಿಗೆ ಸಾಧ್ಯವೇ ಇಲ್ಲದಷ್ಟು ತಾಳೆಯಾಗಬೇಕು. ಹಾಗೆ ತಾಳೆಯಾದರೆ ಪರದೆಯ ಮೇಲಿನ ಚುಕ್ಕಿಗಳು ಕೆಂಪು ಗೆರೆಯ ಕೆಳಗಿಳಿಯುತ್ತವೆ.

ಇಳೀಲೇ ಇಲ್ಲ. ಸೋಮವಾರ ಬಂದರೆ ಆ ಯಂತ್ರ ಬೇರೆ ತಂಡದ ಪಾಲು. ಶುಕ್ರವಾರ ಮಧ್ಯಾಹ್ನ ಸೊಸೆ ಊಟದ ಡಬ್ಬಿ ಮುಚ್ಚಿಟ್ಟು, "ಬಿಡಿ ಅತ್ತೆ, ನನ್ನ ಸಿದ್ಧಾಂತಾನೇ ತಪ್ಪಿರಬೇಕು" ಅಂದಳು. ನನಗೆ ರೇಗಿಹೋಯ್ತು. "ಏ, ಸುಮ್ನೆ ಊಟ ಮಾಡು!" ಅಂತ ಗದರಿ ಎದ್ದೆ.

ಸ್ಕ್ರೂಡ್ರೈವರ್ ತುದಿಯನ್ನ ಯಂತ್ರದ ಚೌಕಟ್ಟಿಗೆ ಒತ್ತಿ, ಹಿಡಿಗೆ ಕಿವಿ ಕೊಟ್ಟೆ. ನಮ್ಮ ಕಸುಬಿನವರು ಹಾಗೇ ಕೇಳೋದು. ಪಂಪು ಪಕ್ಕದ ಕೋಣೇಲಿದೆ, ಇಲ್ಲಿ ಸದ್ದೇ ಇರಬಾರದು. ಗುಂಯ್ ಅಂತಿತ್ತು! ಹುಡುಕ್ತಾ ಹೋದರೆ ಪಂಪಿಂದ ಬರೋ ಪೈಪನ್ನ ಹಿಡಿದಿಡೋ ಕ್ಲ್ಯಾಂಪು. ಕಂಪನ ಹೀರಿಕೊಳ್ಳಲಿ ಅಂತ ಅದರೊಳಗೆ ಮೆತ್ತನೆ ರಬ್ಬರ್ ಇಟ್ಟಿದ್ದೆವು. ನಾನೇ ಅದನ್ನ ಅಪ್ಪಚ್ಚಿಯಾಗೋ ಹಾಗೆ ಬಿಗಿದಿದ್ದೆ. ಪಂಪಿನ ನಡುಕ ನೇರ ತಮಟೆಗಳಿಗೇ ಹೋಗ್ತಿತ್ತು.

ಯಾರೂ ನೋಡ್ತಿರಲಿಲ್ಲ. ಮೆಲ್ಲಗೆ ಸಡಿಲಿಸಿ ಸುಮ್ಮನಿದ್ದಿದ್ದರೆ ಇಪ್ಪತ್ತಾರು ವರ್ಷದ ಹೆಸರು ಉಳೀತಿತ್ತು. ಆದರೆ ಅಲ್ಲಿ ಹುಡುಗಿ ತನ್ನ ಬುದ್ಧೀನೇ ಅನುಮಾನಿಸ್ತಾ ಕೂತಿದ್ದಳಲ್ಲ! ಮುಖ್ಯಸ್ಥರನ್ನ ಕರೆದು, ಎಲ್ಲರೆದುರೇ ಹೇಳಿದೆ: "ತಪ್ಪು ಇವಳದ್ದಲ್ಲ. ನನ್ನ ಕೈಯದ್ದು."

ಒಬ್ಬರೂ ನಗಲಿಲ್ಲ. ನಟ್ಟನ್ನ ಮುಕ್ಕಾಲು ಸುತ್ತು ಸಡಿಲಿಸಿದೆ.

ಭಾನುವಾರ ಬೆಳಗ್ಗೆ ಹತ್ತಕ್ಕೆ ಮೊದಲ ಚುಕ್ಕಿ ಗೆರೆ ದಾಟಿ ಕೆಳಗಿಳೀತು. ಆಮೇಲೆ ಇನ್ನೊಂದು, ಮತ್ತೊಂದು. ಸೊಸೆ ನನ್ನ ಕೈಯನ್ನ ನೋಯೋ ಹಾಗೆ ಹಿಡಿದಿದ್ದಳು. ನನ್ನ ಸೊಸೆ, ಅಂತ ಕೂಗಿ ಹೇಳಬೇಕು ಅನ್ನಿಸ್ತು.

ಮುಖ್ಯಸ್ಥರು ದಾಖಲೆ ಪುಸ್ತಕ ತೆರೆದು, "ಏನು ಬದಲಾಯಿಸಿದಿರಿ, ಬರೀರಿ" ಅಂದರು.

"ನನ್ನ ತಪ್ಪು ಅಂತಲೇ ಬರಿಯಮ್ಮ" ಅಂದೆ.

ಅವಳು ಬರೆದಳು: ಕ್ಲ್ಯಾಂಪ್ ಮುಕ್ಕಾಲು ಸುತ್ತು ಸಡಿಲ. ದೋಷ ಕಂಡುಹಿಡಿದವರು, ನನ್ನ ಅತ್ತೆ.

"ದಾಖಲೇಲಿ ಸಂಬಂಧ ಬರೆಯೋ ಹಾಗಿಲ್ಲಮ್ಮ, ಹುದ್ದೆ ಬರೀರಿ" ಅಂದರು ಮುಖ್ಯಸ್ಥರು.

ಸೊಸೆ ಪೆನ್ನಿನ ಮುಚ್ಚಳ ಹಾಕಿದಳು. "ಇದು ಹೀಗೇ ಇರಲಿ ಸರ್."

ಹಾಗೇ ಇದೆ. ಲ್ಯಾಬಿಗೆ ಯಾರು ಬಂದರೂ ಆ ಪುಟಾನ ಮೊದಲು ನಾನೇ ತೆಗೆದು ತೋರಿಸ್ತೀನಿ.