ಮಸಿ ಹಚ್ಚದ ಮೊಟ್ಟೆ

೧
ಎಲ್ಲಿಂದ ಶುರುಮಾಡಲಿ? ಕೋಳಿಯಿಂದಲೋ ಮೊಟ್ಟೆಯಿಂದಲೋ? ನಗಬೇಡಿ, ನನ್ನ ಕಷ್ಟ ನಿಜಕ್ಕೂ ಅದೇ.

೧೯೩೪. ಅಂಕೋಲೆಯ ಭಾವಿಕೇರಿ. (ಆ ಕಾಲದ ಅಂಕೋಲೆ ಎಂದಮೇಲೆ ಉಪ್ಪಿನ ಸತ್ಯಾಗ್ರಹ ಬರಬೇಡವೇ ಎನ್ನುತ್ತೀರಿ. ಉಪ್ಪು ಬರುತ್ತದೆ, ಒಂದು ಚಿಟಿಕೆ. ತಡೆಯಿರಿ.) ಮುದುಕಿ ಗಂಗಿ ನಾಲ್ಕು ದಿನದಿಂದ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ಜ್ವರ ಇಳಿದಿದೆ, ಆದರೆ ಗಂಜಿಯೂ ಬೇಡ, ಮೀನು ಸಾರೂ ಬೇಡ. ಅವಳು ಒಂದು ತುತ್ತು ತಿಂದರೆ ಸಾಕಾಗಿದೆ ಸೊಸೆ ಹೊನ್ನಿಗೆ.

೨
ಮೊದಲ ಡ್ರಾಫ್ಟಿನಲ್ಲಿ ವೈದ್ಯರನ್ನು ಕರೆಸಿದ್ದೆ. ಬಂದವರೇ ಭಾಷಣ ಶುರುಮಾಡಿದರು, ಹರಿದು ಹಾಕಿದೆ.

ಈಗ ಒಲೆಯ ಮುಂದೆ ಹೊನ್ನಿಯೇ ಕೂತಿದ್ದಾಳೆ. ಮದುವೆಗೆ ಮೊದಲು, ಶಿರವಾಡದ ತವರಿನಲ್ಲಿದ್ದಾಗ, ಕಾರವಾರದ ಸಾಹೇಬರೊಬ್ಬರ ಬಂಗಲೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಅಲ್ಲಿನ ಬಟ್ಲರ್ ಮೊಟ್ಟೆಯ ಬಿಳಿಯನ್ನು ಬೇರೆ ಮಾಡಿ, ನೊರೆ ಎದ್ದು ನಿಲ್ಲುವ ತನಕ ಕಡೆದು, ಸಕ್ಕರೆ ಹಾಕಿ ಆಮ್ಲೆಟ್ ಮಾಡುತ್ತಿದ್ದ.

"ಸಕ್ಕರೆ ಬದ್ಲು ಬೆಲ್ಲ ಹಾಕ್ತೆ. ಹಲ್ಲಿಲ್ಲದವ್ರೂ ತಿನ್ಬೋದು ಅತ್ತೇ. ಮೋಡ ತಿಂದಂಗೆ."

ಗೋಡೆಯ ಕಡೆಯಿಂದ ಉತ್ತರ ಬಂತು: "ಮೋಡ ತಿಂದವ್ರು ಯಾರೇ, ನಿನ್ನ ಅಪ್ಪನಾ?"

(ಕೇಳಿದಿರಾ? ಮುದುಕಿ ಗಟ್ಟಿ ಇದ್ದಾಳೆ.)

೩
ಕಾವಿಗೆ ಕೂತ ಹೇಂಟೆಯ ಬುಟ್ಟಿಗೆ ಹೊನ್ನಿ ಕೈ ಹಾಕಿದಳು. ಮರಿಗೆಂದು ಇಟ್ಟ ಮೊಟ್ಟೆಗಳಿಗೆ ಗಂಗಿ ಮಸಿಯ ಗೆರೆ ಎಳೆದಿರುತ್ತಾಳೆ. ಬೇರೆ ಹೇಂಟೆ ಬಂದು ಅಲ್ಲೇ ಇಟ್ಟುಹೋದ ಹೊಸ ಮೊಟ್ಟೆಗೆ ಗೆರೆ ಇರುವುದಿಲ್ಲ, ಅದು ಅಡುಗೆಗೆ. ಗೆರೆಯಿಲ್ಲದವು ಎರಡು ಸಿಕ್ಕವು.

ಒಂದನ್ನು ಒಡೆದು, ಬಿಳಿಯನ್ನು ತೆಂಗಿನ ಕಡ್ಡಿಗಳ ಕಟ್ಟಿನಿಂದ ಕಡೆದಳು. ಕೈ ಸೋತಿತು, ನೊರೆ ಎದ್ದಿತು. ಪಾತ್ರೆ ಬೋರಲು ಹಾಕಿದರೂ ಬೀಳಲಿಲ್ಲ! ಅವಳಿಗೇ ನಂಬಿಕೆಯಾಗದೆ ಮತ್ತೊಮ್ಮೆ ಬೋರಲು ಹಾಕಿ ನೋಡಿದಳು.

ಎರಡನೆಯದನ್ನು ತೆಂಗಿನ ಕರಟಕ್ಕೆ ಒಡೆದಳು.

ಹಳದಿಯ ಮೇಲೆ ಕೆಂಪು ನೂಲಿನ ಬಲೆ. ನಡುವೆ ಸಾಸಿವೆಯಷ್ಟು ರಕ್ತ. ಅದು ಮಿಡಿಯುತ್ತಿತ್ತು.

೪
ಇಲ್ಲಿ ನಾನು ಹೆದರಿದೆ. ಈ ಮೊಟ್ಟೆಯನ್ನು ತಾಜಾ ಮಾಡಿಬಿಡೋಣ, ಎಡಿಟ್ ಮಾಡಲು ಎಷ್ಟು ಹೊತ್ತು, ಎಂದೆ.

ಹೊನ್ನಿ ನನ್ನ ಮೇಲೇ ತಿರುಗಿಬಿದ್ದಳು. "ಒಡ್ಸಿದವ್ರು ನೀವು. ಈಗ ಒಡೀಲೇ ಇಲ್ಲ ಅಂತ ಬರೀತ್ರಾ? ನಾ ನೋಡಾಯ್ತು." ಆಮೇಲೆ ಸಣ್ಣ ದನಿಯಲ್ಲಿ ಕರೆದಳು: "ಅತ್ತೇ, ಬನ್ನಿ ಇಲ್ಲಿ."

ಗಂಗಿ ಎದ್ದಳು. (ನಾನು ಎಬ್ಬಿಸಿದ್ದಲ್ಲ.) ಗೋಡೆ ಹಿಡಿದು ಬಂದು, ಕರಟದ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಜ್ವರ ಬಂದ ದಿನ ಕಾವಿಗೆ ಕೂಡ್ಸಿದ್ದು. ಕೈ ನಡುಗ್ತಿತ್ತು. ಇದ್ಕೆ ಮಸಿ ಎಳೂಕೆ ಮರ್ತೆ ನಾನು."

"ನಾನಾದ್ರೂ ಕೇಳ್ಬೇಕಿತ್ತು."

"ಎಷ್ಟು ಹೇಂಟೆ ಕೂಡ್ಸಿದ್ದೆ ಹೊನ್ನೀ. ಒಳಗೆ ಹಿಂಗೆ ಅಂತ ಒಂದಿನ ನೋಡಿರ್ಲಿಲ್ಲ. ನಾಲ್ಕು ದಿನ ನಾ ಗೋಡೆ ನೋಡ್ತಾ ಬಿದ್ದಿದ್ದೆ. ಅಷ್ಟ್ರಲ್ಲಿ ಇದು, ಯಾರೂ ಹೇಳ್ಕೊಡ್ದೆ..." ಅವಳ ಬೆರಳು ತನ್ನ ಎದೆಯ ಮಣಿಸರದ ಮೇಲೆ ಆ ಮಿಡಿತದ ತಾಳದಲ್ಲೇ ಆಡುತ್ತಿತ್ತು.

೫
ಅಂತ್ಯ ಒಂದು, ಸಿಹಿ: ಬೆಲ್ಲದ ಆಮ್ಲೆಟ್ ತಿಂದು ಗಂಗಿ ಗುಣವಾಗುತ್ತಾಳೆ.

ಅಂತ್ಯ ಎರಡು: "ಇದ್ನ ನೋಡಿದ ಮೇಲೆ ಗಂಟ್ಲಲ್ಲಿ ಇಳಿಯೂದಿಲ್ಲ" ಎಂದು ಮತ್ತೆ ಗೋಡೆಗೆ ಮುಖ ಮಾಡುತ್ತಾಳೆ.

ಮೂರನೆಯದು ಹೊಳೆಯುವ ಮೊದಲೇ ಗಂಗಿ ಸೊಸೆಯನ್ನು ಗದರಿದಳು. "ನೊರೆ ಇಳೀತಾ ಅದೆ. ಆ ಒಳ್ಳೇದನ್ನ ಹಂಚಿಗೆ ಹಾಕು. ಬೆಲ್ಲ ಬೇಡ, ಉಪ್ಪು ಹಾಕು. ಈ ಮಿಡಿತ ನಿಲ್ಲೂ ತನಕ ನಾ ಇಲ್ಲೇ ಕೂತಿರ್ತೆ. ಇದೊಂದ್ನೇ ಬಿಟ್ಟು ಹೋಗೂಕಾಗೂದಿಲ್ಲ."

ಒಂದು ಚಿಟಿಕೆ ಉಪ್ಪು ಬಿತ್ತು. ಹಂಚಿನ ಮೇಲೆ ಆಮ್ಲೆಟ್ ಉಸಿರೆಳೆದಂತೆ ಉಬ್ಬಿತು. ಹೊನ್ನಿ ಬಾಳೆಲೆಯ ಚೂರಿನಲ್ಲಿ ಒಂದು ತುತ್ತು ಹಿಡಿದಳು. ಗಂಗಿ ಕರಟದಿಂದ ಕಣ್ಣು ತೆಗೆಯದೆ ಬಾಯಿ ತೆರೆದಳು.

ಮುಂದಿನ ವಾಕ್ಯ ನನಗೂ ಗೊತ್ತು, ನಿಮಗೂ ಗೊತ್ತು. ಬೇಕಿದ್ದರೆ ನೀವು ಬರೆದುಕೊಳ್ಳಿ, ನನ್ನ ಕೈಯಿಂದ ಆಗದು. ಇಲ್ಲಿ ಗಂಗಿ ಇನ್ನೂ ಅಗಿಯುತ್ತಿದ್ದಾಳೆ. ತುಂಬಿದ ಬಾಯಲ್ಲೇ ಸೊಸೆಯ ಮೊಣಕೈ ತಿವಿದು, ಕರಟ ತೋರಿಸಿ ಪಿಸುಗುಟ್ಟುತ್ತಾಳೆ:

"ಇನ್ನೂ ಅದೆ."