ಸೊಣ್ಣಪ್ಪನವರ ಬೈಗುಳದ ತಾಲೀಮು

ಪೀಣ್ಯದ ಫೌಂಡ್ರಿಯೊಂದರ ಮಾಲೀಕರು ಮಾತು ಕೊಟ್ಟಿದ್ದರು: ರಾಜ್ಯೋತ್ಸವದ ಕಬಡ್ಡಿ ಕಪ್ ತಂದರೆ ತಂಡದ ಕಾಂಟ್ರ್ಯಾಕ್ಟ್ ಹುಡುಗರೆಲ್ಲ ಪರ್ಮನೆಂಟ್. ಹಿಂದಿನ ವರ್ಷ ಕಪ್ ಕೈಗೆ ಬಂದಂತೆಯೇ ಇತ್ತು. ಫೈನಲ್ಲಿನಲ್ಲಿ ಎದುರಾಳಿಯೊಬ್ಬ ಏನೋ ಅಂದ, ತಂಡದ ಪರಮಾನಂದ ಅವನ ಕೆನ್ನೆಗೆ ಬಾರಿಸಿದ, ರೆಫ್ರಿ ಪರಮಾನಂದನನ್ನು ಹೊರಗೆ ಕಳಿಸಿದರು. ಉಳಿದ ಹೊತ್ತನ್ನು ತಂಡ ಸೋಲುವುದರಲ್ಲೇ ಕಳೆಯಿತು.

ಬಾಗಲಕೋಟೆ ಕಡೆಯ ಪರಮಾನಂದನೂ ಅವನೂರಿನವನೇ ಆದ ಇರಣ್ಣನೂ ರಾಜಗೋಪಾಲನಗರದಲ್ಲಿ ಒಂದೇ ರೂಮಿನಲ್ಲಿದ್ದರು. ಪರಮಾನಂದ ರೈಡರ್, ಇರಣ್ಣ ಹಿಡಿಯುವವನು. ಆ ಏಟು ಬಿದ್ದದ್ದು ತನ್ನ ನೌಕರಿಯ ಮೇಲೆ ಎಂದು ಇರಣ್ಣನಿಗೆ ಅನ್ನಿಸಿತ್ತು, ಬಾಯಿಬಿಟ್ಟು ಅಂದಿರಲಿಲ್ಲ.

ಕೋಚ್ ಸೊಣ್ಣಪ್ಪ ಸ್ಟೋರ್ಸಿನ ಸೂಪರ್‌ವೈಸರ್. ಫ್ಯಾಕ್ಟರಿ ಏಳುವ ಮೊದಲು ಆ ಜಾಗದಲ್ಲಿ ಅವರಪ್ಪ ರಾಗಿ ಬೆಳೆಯುತ್ತಿದ್ದರು. ಆ ಹಕ್ಕಿನಿಂದ ಇವರು ಎಲ್ಲರನ್ನೂ ಬೈಯುತ್ತಿದ್ದರು. ಸೋಲಿನ ಮೇಲೆ ಕಂಪನಿ ಅವರನ್ನು ವೈಟ್‌ಫೀಲ್ಡಿನ ಹೋಟೆಲೊಂದರಲ್ಲಿ ನಡೆದ ಮನೋಬಲದ ಶಿಬಿರಕ್ಕೆ ಕಳಿಸಿತು. ಶಿಬಿರ ಇಂಗ್ಲಿಷಿನಲ್ಲಿತ್ತು. ಪನೀರ್ ಚೆನ್ನಾಗಿತ್ತೆಂಬುದು ಬಿಟ್ಟರೆ ಅವರಿಗೆ ತಿಳಿದದ್ದು ಇಷ್ಟು: ನೋವನ್ನು ಮೊದಲೇ ಅಭ್ಯಾಸ ಮಾಡಿಕೊಂಡರೆ ಆಮೇಲೆ ನೋಯುವುದಿಲ್ಲ.

ತಾಲೀಮು ಶುರುವಾಯಿತು. ಶಿಫ್ಟ್ ಮುಗಿದ ಮೇಲೆ ಪರಮಾನಂದ ಅಂಗಳದ ನಡುವೆ ನಿಂತು ಒಂದೇ ಉಸಿರಿನಲ್ಲಿ ಕಬಡ್ಡಿ ಅನ್ನಬೇಕು. ಸುತ್ತ ನಿಂತ ತಂಡದವರು ಅವನನ್ನು ಬೈಯಬೇಕು. ಉಸಿರು ಕಡಿದರೆ, ಮುಖ ಗಂಟಾದರೆ, ಮತ್ತೆ ಮೊದಲಿನಿಂದ. ಕೆಲವೇ ದಿನಗಳಲ್ಲಿ ಬೈಗುಳಗಳೆಲ್ಲ ಹಳೆಯವಾಗಿ, ಬೈಯುವವರೂ ಬೈಸಿಕೊಳ್ಳುವವನೂ ಒಟ್ಟಿಗೇ ನಗತೊಡಗಿದರು.

ಸೊಣ್ಣಪ್ಪ ಇರಣ್ಣನನ್ನು ಪಕ್ಕಕ್ಕೆ ಕರೆದರು. “ಇಂಗಾದ್ರೆ ಆಗಕ್ಕಿಲ್ಲ ಕಣ್ಲಾ. ಅವ್ವ ಆತು, ಅಕ್ಕ ಆತು, ಅವ್ನು ಹಲ್ಲು ಬಿಡ್ತಾವ್ನೆ. ಒಂದೇ ರೂಮ್ನಾಗೆ ಉಣ್ಣೋನು ನೀನು. ಎಲ್ಲಿ ಒತ್ತಿದ್ರೆ ನೋಯ್ತದೆ ಅಂತ ನಿಂಗೆ ಗೊತ್ತಿರ್ತದೆ.”

“ಅದು ಬ್ಯಾಡ್ರಿ ಸಾಹೇಬ್ರ.”

“ಪರ್ಮನೆಂಟೂ ಬ್ಯಾಡ್ವಾ ಅಂಗಾದ್ರೆ?”

ಇರಣ್ಣನಿಗೆ ಗೊತ್ತಿತ್ತು. ಪರಮಾನಂದ ಅತ್ತಿಬೆಲೆಯ ಟೂರ್ನಮೆಂಟಿನಲ್ಲಿ ಆಡುತ್ತಿದ್ದಾಗ ಊರಲ್ಲಿ ಅವನ ಹೆಣ್ಣುಕೂಸಿಗೆ ಜ್ವರ ನೆತ್ತಿಗೇರಿತ್ತು. ಹೆಂಡತಿ ಮಹಾದೇವಿ ಮಾಡಿದ ಫೋನು ಅವನ ಬ್ಯಾಗಿನೊಳಗೆ ಬಡಿದುಕೊಂಡು ಸುಮ್ಮನಾಯಿತು. ಅವನು ಊರು ಮುಟ್ಟಿದಾಗ, ಕೂಸನ್ನು ಮಣ್ಣು ಮಾಡಿ ಬಂದವರು ಕಾಲು ತೊಳೆಯುತ್ತಿದ್ದರು. ಇದನ್ನವನು ಒಮ್ಮೆ ಮಾತ್ರ, ರೊಟ್ಟಿ ತಟ್ಟುತ್ತ, ಇರಣ್ಣನಿಗೆ ಮಾತ್ರ ಹೇಳಿದ್ದ.

ಮರುದಿನ ಸುತ್ತಿನಲ್ಲಿ ನಿಂತು ಇರಣ್ಣ ಅಂದ: “ಕೂಸು ಸಾಯಾಕತ್ತಿದ್ರ ನೀ ಅತ್ತಿಬೆಲ್ಯಾಗ ಬೋನಸ್ ಪಾಯಿಂಟ್ ಹುಡುಕಾಕತ್ತಿದ್ದಿ. ಹೌದಿಲ್ಲೋಲೇ?”

ಉಸಿರು ನಡುವೆಯೇ ಕಡಿಯಿತು. ಪರಮಾನಂದ ಇರಣ್ಣನನ್ನು ನೋಡಿದ. ಹೊಡೆಯಲಿಲ್ಲ. ಗೋಡೆಯ ಹತ್ತಿರ ಹೋಗಿ ವಾಂತಿ ಮಾಡಿಕೊಂಡ.

“ಇದು ನೋಡು ಮದ್ದು,” ಎಂದು ಸೊಣ್ಣಪ್ಪ ಇರಣ್ಣನ ಬೆನ್ನು ತಟ್ಟಿದರು.

ರೂಮಿನ ದಾರಿಯಲ್ಲಿ ಇರಣ್ಣ ತಪ್ಪಾಯಿತೆನ್ನಲು ಬಾಯಿ ತೆರೆದ. ಪರಮಾನಂದನೇ ಮೊದಲು ಮಾತಾಡಿದ. “ನಾಳೇನೂ ಅದನ್ನ ಅನ್ನು. ತಡಕೊಳ್ಳಾಕ ಆಗ್ತದೋ ಇಲ್ಲೋ ನೋಡೂಣು. ಪರ್ಮನೆಂಟ್ ಆದ್ರ ಮಹಾದೇವೀನ ಕರಕೊಂಬರಬೇಕು. ಅಕಿ ಒಬ್ಬಾಕಿನೇ ಕುಂತು ಅಳತಾಳ.”

ಇರಣ್ಣ ಅಂದ. ದಿನಾ ಅಂದ. ಉಳಿದವರೂ ಕಲಿತರು. ಮರೆಪ್ಪನೆಂಬವನಿಗೆ ಮಿಮಿಕ್ರಿಯ ಹುಚ್ಚು. ಅವನು ಕೂಸಿನ ಅಳುವನ್ನೇ ತೆಗೆದು ತೋರಿಸಿದ. ಮೊದಮೊದಲು ಪರಮಾನಂದನ ಕುತ್ತಿಗೆಯ ನರ ಉಬ್ಬುತ್ತಿತ್ತು. ಆಮೇಲೆ ಅದೂ ನಿಂತಿತು. ಅವನ ಉಸಿರು ಎಷ್ಟು ಉದ್ದವಾಯಿತೆಂದರೆ ಬೈಯುವವರಿಗೇ ದಣಿವಾಗುತ್ತಿತ್ತು.

ಫೈನಲ್ಲಿನಲ್ಲಿ ಎದುರಾಳಿಗಳು ಹಳೆಯ ಜಾಗಕ್ಕೇ ಕೈಹಾಕಿದರು. “ಏನ್ ಗುರು, ಹೋದ್ಸಲ ಹೊಡ್ದ್ಯಲ್ಲ, ಈ ಸಲ ಬಳೆ ತೊಟ್ಕೊಂಡ್ ಬಂದಿದೀಯಾ?” ಪರಮಾನಂದ ತರಕಾರಿ ಆರಿಸುವವನಂತೆ ಅವರನ್ನು ಒಬ್ಬೊಬ್ಬರನ್ನಾಗಿ ಮುಟ್ಟಿ ಬಂದ. ಕಪ್ ಬಂತು, ಮಾಲೀಕರು ಮಾತು ಉಳಿಸಿಕೊಂಡರು, ಸೊಣ್ಣಪ್ಪನವರಿಗೆ ಶಾಲು ಹೊದಿಸಲಾಯಿತು.

ಸಂಕ್ರಾಂತಿಯ ಹೊತ್ತಿಗೆ ಮಹಾದೇವಿ ಬಂದಳು. ಪಕ್ಕದ ಬೀದಿಯಲ್ಲಿ ಹಿಡಿದ ಮನೆಗೆ ಇರಣ್ಣನೇ ಟ್ರಂಕು ಹೊತ್ತು ತಂದ. ಆಕೆ ಸೀರೆಗಳನ್ನು ತೆಗೆದಿಡುತ್ತಿದ್ದಾಗ ಅಡಿಯಲ್ಲಿ ಕೂಸಿನ ಕುಲಾವಿ ಸಿಕ್ಕಿತು. ಅದನ್ನು ಮುಖಕ್ಕೆ ಒತ್ತಿಕೊಂಡು, ಇಷ್ಟು ದಿನ ಒಂದು ಅಳುವನ್ನು ಗಂಡನಿಗಾಗಿಯೇ ಎತ್ತಿಟ್ಟಿದ್ದಳೇನೋ ಎಂಬಂತೆ ಅತ್ತಳು.

ಪರಮಾನಂದ ಎದುರಿಗೇ ನಿಂತಿದ್ದ. ಕೈಗಳು ಸಡಿಲವಾಗಿದ್ದವು, ಮುಖ ನುಣುಪಾಗಿತ್ತು. ಆಕೆ ಮುಗಿಸುವವರೆಗೂ ಕಾದ. “ನಳ ಬರೂ ಹೊತ್ತಾತು. ಕೊಡ ಹಚ್ಚಿ ಬರ್ತೀನಿ,” ಎಂದು ಕೊಡ ತೆಗೆದುಕೊಂಡು ಹೊರಗೆ ಹೋದ.

ಮಹಾದೇವಿ ಬಾಗಿಲನ್ನು ನೋಡಿದಳು, ಆಮೇಲೆ ಇರಣ್ಣನನ್ನು. “ಮಣ್ಣು ಮಾಡಿದ ದಿನ ಇವರನ್ನ ಹಿಡಿಯಾಕ ನಾಕು ಮಂದಿ ಬೇಕಾಗಿದ್ರು. ಏನ್ ಮಾಡೀರಿ ಇವರಿಗೆ?”

“ಕಪ್ ಗೆದ್ದೇವ್ರಿ ವೈನಿ,” ಎಂದ ಇರಣ್ಣ.

ಇನ್ನೂ ಏನಾದರೂ ಹೇಳುತ್ತಾನೆಂದು ಆಕೆ ಅವನ ಬಾಯಿಯನ್ನೇ ನೋಡುತ್ತ ಕೂತಳು.